ಲೇಬಲ್ ಕಿತ್ತ ಸೀಸೆ

ಮೊದಲು ಕೆಟ್ಟದ್ದು ನನ್ನ ನಾಲಿಗೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಬಾಯಿಗೆ ತಾಗಿದ ಕೂಡಲೇ ಕೆಂಡ ಇಟ್ಟಂತಾಯಿತು. ನಮ್ಮತ್ತೆ ಬೇಕೆಂದೇ ಖಾರ ಹೆಚ್ಚು ಹಾಕಿದ್ದಾರೆ ಎಂದುಕೊಂಡೆ. ಮರುದಿನ ನಾನೇ ಅಡುಗೆಗೆ ನಿಂತು ಚಿಟಿಕೆ ಪುಡಿ ಹಾಕಿ ಸಾರು ಮಾಡಿದೆ. ಅದೂ ಉರಿಯಿತು. ಆಗಲಾದರೂ ತಪ್ಪು ನನ್ನ ನಾಲಿಗೆಯದು ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪುಡಿಯ ಡಬ್ಬಿಯನ್ನೇ ಯಾರೋ ಬದಲಾಯಿಸಿದ್ದಾರೆ ಅನ್ನಿಸಿತು.

ಕಾಯಿಲೆ ಬಂದ ಮೇಲೆ ಸಂಶಯ ಬಂತೋ, ಸಂಶಯದ ಸ್ವಭಾವ ಮೊದಲೇ ಇದ್ದು ಕಾಯಿಲೆ ಅದಕ್ಕೆ ಪುಷ್ಟಿ ಕೊಟ್ಟಿತೋ, ಈಗಲೂ ನನಗೆ ಗೊತ್ತಿಲ್ಲ. ಅದೇ ಕಾಯಿಲೆಯವರು ಈಗಲೂ ಯಾರಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವಾಗ ಕೆಲವು ಸಂಗತಿಗಳನ್ನು ಬಿಟ್ಟುಬಿಡುತ್ತೇನೆ. ಇಲ್ಲಿ ಬಿಡುವುದಿಲ್ಲ.

ಮೈಸೂರು ರಾಜ್ಯ ದೊಡ್ಡದಾದ ವರ್ಷ ಅದು. ನನಗೆ ಇಪ್ಪತ್ತೇಳು. ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಯಜಮಾನರು ಧರಣೇಂದ್ರಯ್ಯ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರು. ಇಬ್ಬರು ಸಣ್ಣ ಹೆಣ್ಣುಮಕ್ಕಳು. ಮನೆಯ ಹಿರಿಯರೆಂದರೆ ಅತ್ತೆ ಮರುದೇವಮ್ಮ. ನಾವು ಜೈನರು, ಅತ್ತೆ ಮಾತ್ರ ನಮ್ಮೆಲ್ಲರ ಪಾಲಿನದನ್ನೂ ಸೇರಿಸಿ ಜೈನರು. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುತ್ತಿರಲಿಲ್ಲ. ನೆಲದೊಳಗೆ ಬೆಳೆದ ಗೆಡ್ಡೆ ಮನೆಗೆ ಬರುತ್ತಿರಲಿಲ್ಲ. ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಸೋಸಿದ ನೀರಲ್ಲಿ ತೊಳೆದು, ಆ ನೀರನ್ನು ಮತ್ತೆ ಬಾವಿಗೇ ಇಳಿಬಿಡುತ್ತಿದ್ದರು. ಬಟ್ಟೆಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೇ ಹಿಂತಿರುಗಲಿ ಎಂದು.

ನಾಲಿಗೆಯ ನಂತರ ಕಾಲು. ಹತ್ತಿಯ ಮೇಲೆ ನಡೆದಂತೆ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ. ಮುಖ ಬಿಳಿಚಿಕೊಂಡು, ಅದರ ಮೇಲೆ ತೆಳ್ಳಗೆ ಅರಿಸಿನ ಬಳಿದಂತೆ ಬಣ್ಣ. ತವರು ಅರಕಲಗೂಡಿಗೆ ಹೋದಾಗ ಅಣ್ಣ ನೋಡಿದವನೇ, "ಇದು ಕಾಮಾಲೆ ಕಣೇ ಸುಮತಿ, ಅನುಮಾನವೇ ಬೇಡ" ಅಂದ. ಅಲ್ಲಿನ ನಾಟಿ ವೈದ್ಯರೊಬ್ಬರು ಮೂರು ಬೆಳಗ್ಗೆ ಹಾಲಿನಲ್ಲಿ ಹಸಿರು ರಸ ಕೊಟ್ಟರು. ಊರಿಗೆ ಬಂದ ಮೇಲೆ ಇಲ್ಲಿನ ಡಾಕ್ಟರು ಕಬ್ಬಿಣದ ಟಾನಿಕ್ಕು ಕೊಟ್ಟರು. ನಾನು ಎಲ್ಲವನ್ನೂ ಕುಡಿದೆ, ಯಾವುದನ್ನೂ ನಂಬಲಿಲ್ಲ. ಕೊನೆಗೊಂದು ದಿನ ಬಾವಿಕಟ್ಟೆಯ ಹತ್ತಿರ ಕೊಡ ಎತ್ತಲು ಬಗ್ಗಿದವಳು ಹಾಗೇ ಕುಸಿದು ಕೂತೆ. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಕರೆದುಕೊಂಡು ಹೋದರು.

ಆ ಆಸ್ಪತ್ರೆಯ ಹೊರಗಿನ ಬೆಂಚು ನನಗೆ ಚೆನ್ನಾಗಿ ನೆನಪಿದೆ. ಎಷ್ಟೋ ಜನರ ಬೆನ್ನು ಉಜ್ಜಿ ಹಿಂದಿನ ಗೋಡೆಯಲ್ಲಿ ಎಣ್ಣೆಗಪ್ಪಿನ ಒಂದು ಪಟ್ಟಿಯೇ ಮೂಡಿತ್ತು. ಚೀಟಿ ಹಿಡಿದು ಕೂತವರೆಲ್ಲ ಪಕ್ಕದವರ ಕಾಯಿಲೆ ತಮಗೆ ಅಂಟೀತೆಂದು ಅರ್ಧ ಗೇಣು ಸರಿದು ಕೂರುತ್ತಿದ್ದರು. ಅತ್ತೆ ಮನೆಯಿಂದ ಸೋಸಿದ ನೀರಿನ ತಂಬಿಗೆ ತಂದಿದ್ದರು. ಆಗಾಗ ನನ್ನ ಬಾಯಿಗೆ ಎರಡು ಗುಟುಕು ಹಾಕುತ್ತಿದ್ದರು. ಜನ ನೋಡಲಿ ಎಂದೇ ಇಷ್ಟು ಉಪಚಾರ ಎಂದು ನಾನು ಒಳಗೇ ಲೆಕ್ಕ ಹಾಕುತ್ತಿದ್ದೆ.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ನಾಲಿಗೆ ಚಾಚಿಸಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬೆರಳ ತುದಿಗೆ ಚುಚ್ಚಿ ರಕ್ತ ತೆಗೆಸಿದರು. ಆಮೇಲೆ ಗುಂಡುಸೂಜಿಯಿಂದ ಪಾದದ ಮೇಲೆ ಅಲ್ಲಲ್ಲಿ ಮುಟ್ಟಿ, "ತಗಲ್ತಾ?" ಎಂದು ಕೇಳಿದರು. ಎಷ್ಟೋ ಸಲ ಅವರು ಮುಟ್ಟಿದ್ದೇ ನನಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ ನಿಂತುಕೊಳ್ಳಿ ಅಂದರು. ನಿಂತೆ. ಬೀಳುವಾಗ ಹಿಡಿದುಕೊಂಡದ್ದು ಅವರೇ.

ಫಲಿತಾಂಶ ಬಂದ ದಿನ ನನ್ನನ್ನು ಹೊರಗೆ ಕೂರಿಸಿ ಯಜಮಾನರನ್ನೂ ಅತ್ತೆಯನ್ನೂ ಒಳಗೆ ಕರೆದರು. ಬಾಗಿಲು ಮುಚ್ಚಿತು. ತುಂಬ ಹೊತ್ತಾಯಿತು. ಅತ್ತೆ ಮೊದಲು ಹೊರಬಂದರು. ನನ್ನ ಪಕ್ಕ ಕೂರದೆ ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತರು. ಯಜಮಾನರು ಬಂದು, "ರಕ್ತ ಕಡಿಮೆಯಾಗಿದೆ. ಇಲ್ಲೇ ಸ್ವಲ್ಪ ದಿನ ಇದ್ದು ಸೂಜಿ ಹಾಕಿಸ್ಕೋಬೇಕು, ಅಷ್ಟೇ" ಅಂದರು.

"ಅಷ್ಟೇ ಹೇಳಕ್ಕೆ ಇಷ್ಟು ಹೊತ್ತಾ?"

"ಡಾಕ್ಟರು ನಿಧಾನ ಮನುಷ್ಯ" ಅಂದರು, ನೆಲ ನೋಡುತ್ತಾ.

ನನ್ನನ್ನು ಹೆಂಗಸರ ವಾರ್ಡಿಗೆ ಸೇರಿಸಿದರು. ಔಷಧಿಯ ಸೀಸೆಯನ್ನು ಯಜಮಾನರೇ ತರುತ್ತಿದ್ದರು. ರಬ್ಬರಿನ ಮುಚ್ಚಳದ ಪುಟ್ಟ ಸೀಸೆ, ಒಳಗೆ ಕಡುಕಂದು ಬಣ್ಣದ ದ್ರವ. ಸೀಸೆಯ ಮೈಮೇಲೆ ಲೇಬಲ್ ಇರಲಿಲ್ಲ. ಕಾಗದ ಕಿತ್ತ ಜಾಗದಲ್ಲಿ ಗೋಂದು ಬಿಳಿಯಾಗಿ ಉಳಿದಿತ್ತು.

"ಇದೇನು ಸಿಸ್ಟರ್?"

"ವೈಟಮಿನ್ನು ಅಮ್ಮ. ಸಡಿಲ ಬಿಟ್ಕೊಳ್ಳಿ, ಬಿಗಿ ಹಿಡಿದ್ರೆ ನೋವು ಜಾಸ್ತಿ."

ಯಜಮಾನರನ್ನು ಕೇಳಿದರೆ, "ಬಸ್ಸಿನಲ್ಲಿ ಒದ್ದೆಯಾಗಿ ಕಿತ್ತುಹೋಯ್ತು" ಎಂದರು. ಎರಡನೆಯ ಸೀಸೆಯದೂ ಕಿತ್ತುಹೋಗಿತ್ತು. ಪಾತ್ರೆಯ ಮೇಲೆ ಹೆಸರು ಕೆತ್ತಿ ಬದುಕುವ ಮನುಷ್ಯ, ಎರಡು ಸಲ ಒಂದೇ ರೀತಿ ಲೇಬಲ್ ಕಳೆದುಕೊಳ್ಳುತ್ತಾರೆಯೇ?

ಅಷ್ಟರಲ್ಲಿ ಅತ್ತೆಯಲ್ಲೂ ಒಂದು ಬದಲಾವಣೆ. ದಿನಕ್ಕೆ ಒಂದೇ ಊಟ, ಅದೂ ಹಾಲು ಮೊಸರು ತುಪ್ಪ ಬಿಟ್ಟು ಬರೀ ಅನ್ನ, ಬೇಳೆಕಟ್ಟು. ಕೇಳಿದರೆ "ಒಂದು ವ್ರತ ಹಿಡಿದಿದೀನಿ" ಎಂದಷ್ಟೇ ಹೇಳಿದರು. ಯಾವುದಕ್ಕೆ ವ್ರತ? ಅದೇ ವಾರ ಬೆಳಗೊಳದಿಂದ ಅವರ ತಂಗಿ ನನ್ನನ್ನು ನೋಡಲು ಬಂದರು, ಜೊತೆಗೆ ಮದುವೆಯಾಗದ ಮಗಳು. ಆ ಹುಡುಗಿ, ಅತ್ತೆಯ ಜೊತೆ ಬಂದಿದ್ದ ನನ್ನ ಮಕ್ಕಳ ಜಡೆ ಹೆಣೆದಳು, ಅವರಿಗೆ ಕಥೆ ಹೇಳಿದಳು. ಮಕ್ಕಳು ಅವಳನ್ನು ಬಿಟ್ಟು ನನ್ನ ಮಂಚದ ಹತ್ತಿರ ಬರಲೇ ಇಲ್ಲ. ನಾನು ಮಲಗಿದಲ್ಲೇ ಎಲ್ಲವನ್ನೂ ಜೋಡಿಸಿದೆ. ಮುಚ್ಚಿದ ಬಾಗಿಲು, ಹೆಸರಿಲ್ಲದ ಸೀಸೆ, ವ್ರತ, ಜಡೆ ಹೆಣೆಯುವ ಹುಡುಗಿ. ನಾನು ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿದೆ, ನನ್ನ ಜಾಗಕ್ಕೆ ಜನ ನೋಡುತ್ತಿದ್ದಾರೆ. ಇನ್ನೂ ಕೆಟ್ಟದ್ದನ್ನೂ ಯೋಚಿಸಿದೆ. ಆ ಸೀಸೆಯಲ್ಲಿ ಇರುವುದು ನನ್ನನ್ನು ಉಳಿಸುವ ಔಷಧಿಯೇ ಎಂದು ಯಾರು ಹೇಳಬಲ್ಲರು?

ಆದರೆ ನಾಲಿಗೆಯ ಉರಿ ಇಳಿಯುತ್ತಿತ್ತು. ಹಸಿವಾಗತೊಡಗಿತ್ತು. ಅದಕ್ಕೂ ನಾನು ಏನೋ ಒಂದು ಅರ್ಥ ಹಚ್ಚಿಕೊಂಡೆ.

ನನ್ನ ಪಕ್ಕದ ಮಂಚದಲ್ಲಿದ್ದವಳು ಕೊಣನೂರು ಕಡೆಯ ಹಳ್ಳಿಯ ಕೆಂಪಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ಏಳು ಹೆರಿಗೆಯಾಗಿ ಅವಳ ಮೈಯಲ್ಲೂ ರಕ್ತವಿರಲಿಲ್ಲ. ನಾನು ಬಂದ ಮೊದಲ ದಿನವೇ, ಕೇಳದೆ, ನನ್ನ ತೋಳು ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋದಳು. ನಾನು ನಡುಗುವ ಕಾಲಿನವಳು, ಅವಳು ಉಬ್ಬಸದವಳು. ನಾಲ್ಕು ಹೆಜ್ಜೆಗೊಮ್ಮೆ ಇಬ್ಬರೂ ಗೋಡೆಗೆ ಒರಗಿ ನಿಲ್ಲುತ್ತಿದ್ದೆವು. ದಿನಾ ಇದೇ. ಇವಳಿಗೆ ನನ್ನಿಂದ ಏನು ಬೇಕಾಗಿದೆ ಎಂದು ನಾನು ಕಾಯುತ್ತಿದ್ದೆ. ಹನ್ನೆರಡು ದಿನದ ಮೇಲೆ ಕೇಳಿದಳು.

"ನೀನು ಇಸ್ಕೂಲ್ ಮೇಡಮ್ಮಂತೆ. ನಮ್ಮಣ್ಣಂಗೆ ಒಂದು ಕಾಗ್ದ ಬರ್ಕೊಡವ್ವ. ಐಕ್ಳ ನೋಡ್ಕಳಕ್ಕೆ ಅತ್ಗೇನ ಕಳ್ಸು ಅಂತ."

ಬರೆದುಕೊಟ್ಟೆ. ಮನಸ್ಸಿಗೆ ಒಂದು ಥರದ ತೃಪ್ತಿ: ನಾನು ಅಂದುಕೊಂಡದ್ದೇ ಸರಿ. ಇನ್ನು ಕೈ ಹಿಡಿಯಲು ಬರುವುದಿಲ್ಲ ಎಂದುಕೊಂಡೆ. ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ.

ಒಂದು ಮಧ್ಯಾಹ್ನ, ವಾರ್ಡು ಊಟ ಮುಗಿಸಿ ಮಂಪರಿನಲ್ಲಿದ್ದಾಗ, ಅವಳು ತನ್ನ ಎಮ್ಮೆಯ ಸುದ್ದಿ ತೆಗೆದಳು.

"ನಮ್ಮ ಅಸ ಈದು ಸತ್ತೋಯ್ತು ಕಣವ್ವ. ಕರ ಅರಚ್ಕತಿತ್ತು. ನಮ್ಮೆಮ್ಮೆ ಅದೇ, ಅದು ತನ್ನ ಕರೀನ್ ಜತೇಲಿ ಅದ್ಕೂ ಆಲು ಕುಡಿಸ್ಬುಡ್ತು. ಯಾರೂ ಏಳ್ಕೊಡ್ಲಿಲ್ಲ. ಮನುಸ್ರಾದ್ರೆ ಕುಡಿಸ್ತಿದ್ರಾ?"

"ಕೆಚ್ಚಲು ಬಿಗಿದು ನೋವಾಗಿರತ್ತೆ ಕೆಂಪಮ್ಮ. ಯಾರಾದರೂ ಕುಡಿದರೆ ಸಾಕು ಅನ್ನಿಸಿರತ್ತೆ ಅದಕ್ಕೆ."

"ಊಂ, ಬಿಗ್ದಿತ್ತು. ಆಮೇಕೆ ಆಲು ಬತ್ತೋಯ್ತಲ್ಲ, ಈಗ್ಲೂ ಆ ಕರೂನ ನೆಕ್ತಾ ನಿಂತಿರ್ತದೆ. ಅದ್ಕೇನಂತೀಯ?"

"ಮೈಮೇಲಿನ ಉಪ್ಪು" ಅಂದೆ. "ಬೆವರಿನ ಉಪ್ಪಿಗೆ ನೆಕ್ಕತ್ತೆ."

ಕೆಂಪಮ್ಮ ಹೊದಿಕೆ ಎಳೆದುಕೊಂಡಳು. "ನಿನ್ ಗಂಟ್ಲಾಗೆ ಏನೋ ಸಿಕ್ಕಾಕ್ಕಂಡದೆ ಕಣವ್ವ. ಯಾವ್ದುನ್ನೂ ನುಂಗಾಕಿಲ್ಲ ನೀನು" ಅಂದು ಆ ಕಡೆ ತಿರುಗಿ ಮಲಗಿದಳು.

ಅವಳಿಗೂ ಅವಳದೇ ಸಂಶಯಗಳಿದ್ದವು. ಅವಳಿಗೆ ಹಾಕುವ ಸೂಜಿ ಆಸ್ಪತ್ರೆಯದು. ಬಡವರಿಗೆ ಬರೀ ನೀರು ಚುಚ್ಚಿ ಕಳಿಸುತ್ತಾರೆ ಎಂದು ಊರಲ್ಲಿ ಯಾರೋ ತಲೆಗೆ ತುಂಬಿದ್ದರು. ಒಂದು ಬೆಳಗ್ಗೆ ಸಿಸ್ಟರ್ ಅವಳಿಗೆ ಸೂಜಿ ಹಾಕಿ, ಟ್ರೇಯನ್ನು ಅಲ್ಲೇ ಸ್ಟೂಲಿನ ಮೇಲಿಟ್ಟು ಆ ಕಡೆಯ ಮಂಚಕ್ಕೆ ಹೋದಾಗ, ಕೆಂಪಮ್ಮ ಸರಕ್ಕನೆ ಸೀಸೆ ಎತ್ತಿ ನನ್ನ ಕೈಗೆ ಕೊಟ್ಟಳು.

"ಬಿರ್ನೆ ಓದವ್ವ. ನೀರಾ, ಮದ್ದಾ?"

ಅದೇ ಗಾತ್ರದ ಸೀಸೆ. ಅದೇ ರಬ್ಬರಿನ ಮುಚ್ಚಳ. ಅದೇ ಕಡುಕಂದು ಬಣ್ಣ, ಅದೇ ಫಿನಾಯಿಲಿನಂಥ ವಾಸನೆ. ಇದರ ಲೇಬಲ್ ಮಾತ್ರ ನೆಟ್ಟಗಿತ್ತು. ಇಂಗ್ಲಿಷ್ ಅಕ್ಷರ ಓದಿಕೊಂಡೆ: ಲಿವರ್ ಎಕ್ಸ್‌ಟ್ರ್ಯಾಕ್ಟ್.

"ಏನಂತವ್ವ?"

"ಮದ್ದೇ. ನೀರಲ್ಲ" ಅಂದೆ. "ಪ್ರಾಣಿಯ ಪಿತ್ತಜನಕಾಂಗದಿಂದ ತೆಗೆದ ರಸ."

"ಅಂದ್ರೆ ಈಲಿ?" ಕೆಂಪಮ್ಮನ ಮುಖ ಅರಳಿತು. "ಈಲಿ ಆದ್ರೆ ಒಳ್ಳೇದೇ ಬುಡು. ಬಾಣ್ತೀರ್ಗೆ ನಾವೂ ಕೊಡ್ತೀವಿ." ಆಮೇಲೆ ಟ್ರೇಯಲ್ಲಿದ್ದ ನನ್ನ ಸೀಸೆಯ ಕಡೆ, ನನ್ನ ಮುಖದ ಕಡೆ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಅರ್ಥವಾಗುವುದು ತಡವಾಗಲಿಲ್ಲ. "ಅಯ್ಯೋ ನಮ್ಮವ್ವ" ಅಂದಳು ಮೆಲ್ಲಗೆ. "ನಿಂಗ್ ಏಳಿಲ್ವಾ?"

ವಾಂತಿಯಾಗುತ್ತದೆ ಎಂದು ಕಾದೆ. ಬೇಸಿನ್ನು ಹತ್ತಿರ ಎಳೆದುಕೊಂಡು ಕೂತೆ. ಏನೂ ಬರಲಿಲ್ಲ. ಬದಲಿಗೆ, ಹನ್ನೊಂದು ಗಂಟೆಗೆ, ಹಸಿವಾಯಿತು. ಮಾಂಸದ ಅಂಗಡಿಯ ಬೀದಿಯಲ್ಲಿ ಸೆರಗು ಮೂಗಿಗೆ ಹಿಡಿದು ಓಡುತ್ತಿದ್ದವಳು ನಾನು. ಆ ಹೇಸಿಗೆಯೇ ನನ್ನ ಧರ್ಮ ಎಂದು ತಿಳಿದಿದ್ದೆ. ಈಗ ನೋಡಿದರೆ ಮೈಗೆ ಏನೂ ಗೊತ್ತಿರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು ಸದ್ದಿಲ್ಲದೆ ಚೇತರಿಸಿಕೊಳ್ಳುತ್ತಿತ್ತು. ಹಾಗಾದರೆ ಇಷ್ಟು ವರ್ಷ ಹಿಂಸೆಯನ್ನು ಬಿಟ್ಟವರು ಯಾರು? ನಾನು ಮಾಂಸ ಬಿಟ್ಟವಳಲ್ಲ, ನನಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟೇ. ಎಮ್ಮೆಗೆ ಕೆಚ್ಚಲ ಬಿಗಿತ ಎಂದು ತೀರ್ಪು ಕೊಟ್ಟವಳು ನನ್ನ ಒಳ್ಳೆಯತನಕ್ಕೂ ಅದೇ ತಕ್ಕಡಿ ಹಿಡಿಯಬೇಕಾಯಿತು.

ಯಾರಿಗೂ ಏನೂ ಹೇಳಲಿಲ್ಲ. ಮನೆಯವರು ಮುಚ್ಚಿಟ್ಟರೆ ನಾನೂ ಮುಚ್ಚಿಡಬಲ್ಲೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ಹಲ್ಲು ಕಚ್ಚಿ ಹಾಕಿಸಿಕೊಂಡೆ. ನಾನು ಹೊರಡುವ ದಿನ ಕೆಂಪಮ್ಮ ಬಸ್ ಸ್ಟ್ಯಾಂಡಿನ ಕಡೆ ತಿರುಗುವ ಗೇಟಿನವರೆಗೆ ಉಬ್ಬಸಪಡುತ್ತಲೇ ಬಂದಳು. "ಕ್ವಾಪ ಇಟ್ಕಂಡು ಸಾಯ್ಬ್ಯಾಡ ಕಣವ್ವ" ಅಂದಳು. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಚನ್ನರಾಯಪಟ್ಟಣದಲ್ಲಿ ವಾರಕ್ಕೊಂದು ಸೂಜಿ ಮುಂದುವರಿಸಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ಸೀಸೆ ಕಾಂಪೌಂಡರ ಹತ್ತಿರ ಇರುತ್ತಿತ್ತು. ಮೊದಲ ವಾರವೇ ನಾನು ಅವರಿಗೆ, "ಡಾಕ್ಟರು ನಿಲ್ಲಿಸಿ ಅಂತ ಹೇಳಿದ್ದಾರೆ" ಎಂದೆ. ಸೂಜಿಯ ದಿನವಾದ ಮಂಗಳವಾರ ಸಂಜೆ ಶಾಲೆಯಿಂದ ಹೊರಟು, ಕೆರೆ ಏರಿಯ ಮೇಲೆ ಅರ್ಧ ಗಂಟೆ ಕೂತು, ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ. "ನೋವಾಯ್ತಾ?" ಎಂದು ಅತ್ತೆ ಕೇಳುತ್ತಿದ್ದರು. "ಹೂಂ" ಅನ್ನುತ್ತಿದ್ದೆ. ಪ್ರಾಣಿದಯೆಯ ಪಾಠವನ್ನು ಮಕ್ಕಳಿಗೆ ಮಾಡುವಾಗ ನನ್ನ ಧ್ವನಿ ನನಗೇ ಬೇರೆಯವರದಂತೆ ಕೇಳುತ್ತಿತ್ತು.

ಮೂರು ತಿಂಗಳು ಹೀಗೇ ನಡೆಯಿತು. ನಾಲಿಗೆ ಮತ್ತೆ ಉರಿಯತೊಡಗಿತು. ಒಂದು ದಿನ ಶಾಲೆಯ ಅಂಗಳ ದಾಟಿ ಬಂದಾಗ ಜೊತೆಯ ಮೇಡಂ, "ಸುಮತಿ, ನಿಮ್ಮ ಒಂದು ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದೀರಲ್ರೀ" ಎಂದರು. ತಿರುಗಿ ನೋಡಿದೆ. ಅಂಗಳದ ನಡುವೆ ನನ್ನ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಅದು ಕಾಲಿನಿಂದ ಜಾರಿದ್ದೂ, ನಾನು ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆದು ಬಂದದ್ದೂ ನನಗೆ ಗೊತ್ತೇ ಆಗಿರಲಿಲ್ಲ. ಅದೇ ವಾರ ಕಪ್ಪುಹಲಗೆಯ ಹತ್ತಿರ ತಿರುಗುವಾಗ ಬಿದ್ದೆ. ನಾಲ್ವರು ಸೇರಿ ಮನೆಗೆ ತಂದು ಮಲಗಿಸಿದರು.

ಅತ್ತೆ ಸೀದಾ ಕಾಂಪೌಂಡರ ಬಳಿಗೆ ಹೋದರು. ವಾಪಸ್ಸು ಬಂದವರು ನನ್ನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು. ಕಿಟಕಿಯ ಬಿಸಿಲು ಅವರ ಮುಖದ ಮೇಲೆ ಬೀಳುತ್ತಿತ್ತು. ಎಷ್ಟು ಇಳಿದುಹೋಗಿದ್ದರು ಎಂದು ಅವತ್ತೇ ನಾನು ನೋಡಿದ್ದು.

"ಒಂದು ದಿನಾನೂ ಸೂಜಿ ಹಾಕಿಸ್ಕೊಂಡಿಲ್ವಂತೆ ನೀನು."

"ಅದು ಏನು ಅಂತ ನೀವೂ ಒಂದು ದಿನಾನೂ ಹೇಳ್ಲಿಲ್ವಲ್ಲ ಅತ್ತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ಯಾರು ಹೇಳಿದ್ರು?" ಎಂದರು.

"ನಾನೇ ಓದ್ಕೊಂಡೆ. ಲೇಬಲ್ ಕಿತ್ತವರು ಇವರಾ?"

"ಕೀಳು ಅಂತ ಹೇಳಿದವಳು ನಾನು. ಅವನು ಆಗಲ್ಲ ಅಂದ. ನಿನಗೆ ಹೇಳೇ ಹಾಕಿಸ್ಬೇಕು ಅಂದ. ಹೇಳಿದ್ರೆ ನೀನು ಬೇಡ ಅಂತೀಯ ಅಂತ ನನಗೆ ಗೊತ್ತಿತ್ತು. ಮುಚ್ಚೋ ಬಾಯಿ ಅಂದೆ. ಪಾಪ ನನಗಿರಲಿ ಅಂದೆ."

ನನಗೆ ನಂಬಿಕೆ ಬರಲಿಲ್ಲ. ಬಾವಿಯ ನೀರಿನ ಜೀವಗಳನ್ನು ಬಾವಿಗೆ ಬಿಡುವ ಹೆಂಗಸು.

"ಬೆಳಗೊಳಕ್ಕೆ ಹೋಗಿ ಮುನಿಗಳನ್ನ ಕೇಳಿದ್ರಾ?"

"ಇಲ್ಲ."

"ಯಾಕೆ?"

"ಅವರು ಬೇಡ ಅಂದ್ಬಿಟ್ರೆ?" ಅಂದರು. "ಬೇಡ ಅಂದ ಮೇಲೆ ಮೀರೋದು ದೊಡ್ಡ ತಪ್ಪು. ಅದಕ್ಕೇ ಕೇಳ್ಲೇ ಇಲ್ಲ. ನನಗೆ ತಿಳಿದ ಹಾಗೆ ಹಾಲು ತುಪ್ಪ ಬಿಟ್ಟೆ, ಒಂದು ಹೊತ್ತು ಬಿಟ್ಟೆ. ಅದು ಸಾಕೋ ಸಾಲದೋ ಯಾರಿಗ್ಗೊತ್ತು."

ಇಷ್ಟಾದರೂ ನನ್ನ ಸಂಶಯ ಬಿಡಲಿಲ್ಲ. ಬಹುಶಃ ಅಷ್ಟು ಹೊತ್ತಿಗೆ ಅದೊಂದೇ ನನ್ನಲ್ಲಿ ಗಟ್ಟಿಯಾಗಿ ಉಳಿದಿದ್ದು. "ನಿಮ್ಮ ತಂಗಿ ಮಗಳನ್ನ ಆಸ್ಪತ್ರೆಗೆ ಕರೆಸಿದ್ದು ಯಾಕೆ?" ಎಂದು ಕೇಳಿಯೇಬಿಟ್ಟೆ.

ಅತ್ತೆ ಸುಳ್ಳು ಹೇಳಬಹುದಿತ್ತು. "ಆ ಯೋಚನೇನೂ ಬಂದಿತ್ತು" ಎಂದರು. "ನೀನು ಹೋಗ್ಬಿಟ್ರೆ ಮಕ್ಕಳಿಗೆ ಯಾರು ಅಂತ. ಹುಡುಗಿ ಮೃದು, ಮಕ್ಕಳು ಒಗ್ಗಿಕೊಳ್ತಾವಾ ನೋಡೋಣ ಅಂತ ಕರೆಸಿದೆ."

"ಹಾಗಾದ್ರೆ ಆ ಸೂಜಿ ಯಾರಿಗೋಸ್ಕರ ಹಾಕಿಸಿದ್ರಿ? ನನಗೋಸ್ಕರವಾ, ಮಕ್ಕಳಿಗೋಸ್ಕರವಾ, ನಿಮ್ಮ ಮಗನಿಗೋಸ್ಕರವಾ?"

ಅವರು ಬಹಳ ಹೊತ್ತು ಯೋಚಿಸಿದರು. ಪರೀಕ್ಷೆಯಲ್ಲಿ ಪ್ರಾಮಾಣಿಕ ವಿದ್ಯಾರ್ಥಿ ಯೋಚಿಸುವ ಹಾಗೆ.

"ನನಗೆ ಗೊತ್ತಿಲ್ಲ ಕಣಮ್ಮ. ಡಾಕ್ಟರು ಹೇಳ್ತಿದ್ರು, ಬಾಗಿಲ ಸಂದೀಲಿ ನೀನು ಕಾಣ್ತಿದ್ದೆ. ಬೆಂಚಿನ ಮೇಲೆ ಕೂತು ಬಾಯಿ ತೆಕ್ಕೊಂಡು ಉಸಿರೆಳೀತಿದ್ದೆ. ನೋಡಕ್ಕಾಗ್ಲಿಲ್ಲ. ಹಾಕ್ಬಿಡಿ ಸ್ವಾಮಿ ಅಂದ್ಬಿಟ್ಟೆ. ಧರ್ಮ ಕರ್ಮ ಎಲ್ಲ ನೆನಪಾಗಿದ್ದು ಹೊರಗೆ ಬಂದು ಕೂತ ಮೇಲೆ."

ನಾನು ಮುಖ ತಿರುಗಿಸಿಕೊಂಡೆ. ಅಳು ಬಂತು, ಅದೂ ಸಿಟ್ಟಿನದೋ ಇನ್ನೊಂದೋ ತಿಳಿಯಲಿಲ್ಲ. ನೋಡಲಾಗದೆ ಹೇಳಿಬಿಟ್ಟ ಒಂದು ಮಾತು. ಅದಕ್ಕೆ ಆಮೇಲೆ ಪ್ರತಿದಿನ ಅರಿತೇ ತೆರುತ್ತಿರುವ ದಂಡ. ಇದರಲ್ಲಿ ಯಾವುದು ಒಳ್ಳೆಯತನ? ಮೊದಲನೆಯದು ಎಮ್ಮೆಯದರಂತೆ ತಾನಾಗಿ ಬಂದದ್ದು. ಎರಡನೆಯದು ಯಾವ ಪ್ರಾಣಿಯೂ ಮಾಡದ್ದು. ಎರಡೂ ನನಗೆ ಸುಳ್ಳು ಹೇಳಿಯೇ ನಡೆದವು.

"ಈಗ ನೀನೇ ಹೇಳು" ಅಂದರು ಅತ್ತೆ. "ಬೇಡ ಅಂದ್ರೆ ಬೇಡ. ನಾನು ಇನ್ನು ಬಾಯಿ ಹಾಕಲ್ಲ."

ಇದು ನನಗೆ ಬೇಕಾಗಿದ್ದ ಮಾತು. ಕೈಗೆ ಬಂದ ಮೇಲೆ ಅದು ಎಷ್ಟು ಭಾರ ಎಂದು ಗೊತ್ತಾಯಿತು. ಎರಡು ದಿನ ಯೋಚಿಸಿದೆ. ಬೇಡ ಎಂದರೆ ಎಲ್ಲರೂ ನನ್ನನ್ನು ಹೊಗಳುತ್ತಾರೆ, ಬೆಳಗೊಳದಲ್ಲಿ ನನ್ನ ಹೆಸರು ಹೇಳುತ್ತಾರೆ ಎಂಬ ಯೋಚನೆಯೂ ಬಂತು. ಬಂದ ಕೂಡಲೇ ಆ ತ್ಯಾಗದ ಮೇಲೂ ಸಂಶಯ ಹುಟ್ಟಿತು. ಹೊರಗೆ ಹಜಾರದಲ್ಲಿ ನನ್ನ ಚಿಕ್ಕ ಮಗಳು ಅಕ್ಕನ ಕೈಯಿಂದ ಬೆಲ್ಲದ ಚೂರು ಕಿತ್ತುಕೊಂಡು ತಿಂದು, ಅಕ್ಕ ಅತ್ತಾಗ ಬಾಯೊಳಗಿನ ಅರ್ಧವನ್ನು ತೆಗೆದು ಅವಳ ಕೈಗೇ ಇಡುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಕಿತ್ತುಕೊಳ್ಳುವುದನ್ನೂ, ಕೊಡುವುದನ್ನೂ. ಅವಳನ್ನು ನೋಡುತ್ತಾ ಮಲಗಿದ್ದೆ.

ಮೂರನೆಯ ದಿನ ಯಜಮಾನರಿಗೆ, "ಹೊಸ ಸೀಸೆ ತನ್ನಿ. ಲೇಬಲ್ ಇರಲಿ" ಎಂದೆ. ಅವರು ಎಷ್ಟೋ ತಿಂಗಳ ಮೇಲೆ ನನ್ನ ಕಣ್ಣು ನೋಡಿ ತಲೆಯಾಡಿಸಿದರು. ಕಾಂಪೌಂಡರು ಮನೆಗೇ ಬಂದರು. ಸೀಸೆ ಈಸಿಕೊಂಡು ಅದರ ಮೇಲೆ ಬರೆದದ್ದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ.

"ಕುರಿಯದೋ, ದನದ್ದೋ?" ಎಂದು ಕೇಳಿದರು ಅತ್ತೆ, ತುಂಬ ಸಣ್ಣ ದನಿಯಲ್ಲಿ.

"ಅದು ಬರೆದಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. "ಹಾಕಿ" ಎಂದೆ. ಆ ಪ್ರಾಣಿಗೂ ಬದುಕಬೇಕು ಅನ್ನಿಸಿತ್ತು, ನನಗೂ ಅನ್ನಿಸಿತು. ಇವೆರಡನ್ನು ಸರಿತೂಗಿಸುವ ಮಾತು ನನಗೆ ಆಗಲೂ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ. ಅತ್ತೆಯ ಜೊತೆ ನಾನೂ ಅಂದಿನಿಂದ ತುಪ್ಪ ಬಿಡಲು ಹೊರಟರೆ, "ನೀನು ತಿನ್ನು. ರಕ್ತ ಆಗ್ಬೇಕು" ಎಂದು ಗದರಿದರು.

ಕಾಲು ಸುಮಾರಾಗಿ ಸರಿಹೋಗಲು ವರ್ಷದ ಮೇಲೆ ಹಿಡಿಯಿತು. ಎಡಪಾದದ ಎರಡು ಬೆರಳು ಇನ್ನೂ ಮರಗಟ್ಟಿದ ಹಾಗೇ ಇವೆ. ಅರವತ್ತರ ದಶಕದಲ್ಲಿ ಕೆಂಪು ಬಣ್ಣದ ಹೊಸ ಔಷಧಿ ನಮ್ಮೂರಿಗೂ ಬಂತು. ಇದಕ್ಕೆ ಪ್ರಾಣಿಯ ಅಂಗ ಬೇಕಿಲ್ಲ, ಸೂಕ್ಷ್ಮಜೀವಿಗಳನ್ನು ಬೆಳೆಸಿ ತೆಗೆಯುತ್ತಾರೆ ಎಂದು ಡಾಕ್ಟರು ಸಂತೋಷದಿಂದ ಹೇಳಿದರು. "ಅಂದ್ರೆ ಕಣ್ಣಿಗೆ ಕಾಣದ ಜೀವಗಳಾ?" ಎಂದು ಕೇಳಿದ ಅತ್ತೆ ತಮ್ಮ ವ್ರತವನ್ನು ಬಿಡಲಿಲ್ಲ.

ಅದಕ್ಕೂ ಮುಂಚಿನ ಒಂದು ಸಂಗತಿ ಇದೆ. ನಾನು ಮತ್ತೆ ಶಾಲೆಗೆ ಹೋಗತೊಡಗಿ ಎರಡು ವರ್ಷವಾಗಿರಬೇಕು. ಹೊಳೆನರಸೀಪುರದಿಂದ ಒಬ್ಬರು ನಮ್ಮ ಅಂಗಡಿಗೆ ಬಂದರು. ಪೂಜೆಯ ಮನೆತನದವರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ಹೆಂಡತಿ ರುಕ್ಮಿಣಿಗೆ ನನ್ನದೇ ಕಾಯಿಲೆ. ಅದೇ ಸೂಜಿ ಬರೆದುಕೊಟ್ಟಿದ್ದಾರೆ. ಏನೋ ಸಂಶಯ ಬಂದು ಆಕೆ ಹಾಕಿಸಿಕೊಳ್ಳುತ್ತಿಲ್ಲ. ಗುಣವಾದ ಒಬ್ಬ ಹೆಂಗಸು ಬಂದು ಹೇಳಿದರೆ ನಂಬಬಹುದು ಎಂದು, ಹಾಸನದ ಡಾಕ್ಟರಿಂದ ವಿಳಾಸ ಕೇಳಿಕೊಂಡು, ನನ್ನನ್ನು ಕರೆಯಲು ಬಂದಿದ್ದರು.

ಹೋದೆ. ಬಸ್ಸಿಳಿದು ನಡೆಯುವಾಗ ಅವರು, "ಟಾನಿಕ್ಕು ಅಂತ ಹೇಳ್ಬಿಡಿ ತಾಯಿ. ಅಷ್ಟು ಸಾಕು. ಲೇಬಲ್ ತೆಗೆಸಿದೀನಿ" ಎಂದರು. ನಾನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ರುಕ್ಮಿಣಿ ನಡುಮನೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಆ ಅರಿಸಿನದ ಬಿಳುಪು ನೋಡಿದ ತಕ್ಷಣ ನನ್ನ ನಾಲಿಗೆ ಉರಿದಂತಾಯಿತು. ಸಾರು ಉರಿಯುತ್ತದೆಯಾ, ಕಾಲು ಹತ್ತಿಯಂತಾಗುತ್ತದೆಯಾ ಎಂದು ಕೇಳಿದೆ. ಎಲ್ಲಕ್ಕೂ ತಲೆಯಾಡಿಸಿದಳು. ತನ್ನಂತೆಯೇ ಇನ್ನೊಬ್ಬರಿಗೂ ಆಗಿತ್ತು ಎಂದು ಕೇಳಿದಾಗ ಅವಳ ಭುಜ ಸ್ವಲ್ಪ ಸಡಿಲವಾಯಿತು. ಆಮೇಲೆ ಕೇಳಿದಳು:

"ನೀವು ಜೈನರಂತೆ. ಸುಳ್ಳು ಹೇಳಲ್ಲ ಅಂದ್ಕೊಂಡಿದೀನಿ. ಆ ಸೀಸೇಲಿ ಏನಿದೆ?"

ಅವಳ ಗಂಡ ಬಾಗಿಲಲ್ಲಿ ನಿಂತಿದ್ದರು. ಒಂದು ಮಾತು ಸುಳ್ಳು ಹೇಳಿದರೆ ಈ ಹೆಂಗಸು ಉಳಿಯುತ್ತಾಳೆ. ನಿಜ ಹೇಳಿದರೆ ಉಳಿಯದೆಯೂ ಹೋಗಬಹುದು. ನಮ್ಮತ್ತೆಯಾಗಿದ್ದರೆ ಸುಳ್ಳು ಹೇಳುತ್ತಿದ್ದರು, ಆ ಸುಳ್ಳಿನಿಂದಲೇ ನಾನು ಉಳಿದೆ, ಅದನ್ನು ಮರೆಯುವ ಹಾಗಿಲ್ಲ. ಆದರೆ ಕೆರೆ ಏರಿಯ ಮೇಲೆ ಕಳೆದ ಮಂಗಳವಾರಗಳನ್ನೂ ನಾನು ಮರೆತಿರಲಿಲ್ಲ. ಹೇಳಿದೆ. ಏನಿದೆ ಎಂದೂ, ಅದನ್ನು ನಾನು ತಿಳಿದೇ ಹಾಕಿಸಿಕೊಂಡೆ ಎಂದೂ, ಹಾಕಿಸಿಕೊಳ್ಳದೆ ಇದ್ದಾಗ ಏನಾಯಿತು ಎಂದೂ.

"ಇವರಿಗೆ ಗೊತ್ತಿತ್ತಾ?" ಎಂದು ಗಂಡನ ಕಡೆ ನೋಡದೆಯೇ ಕೇಳಿದಳು.

"ಗೊತ್ತಿತ್ತು. ನೀವು ಬದುಕಲಿ ಅಂತ ಮುಚ್ಚಿಟ್ಟಿದ್ರು."

ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೊರಟೆ.

ಬಸ್ ಸ್ಟ್ಯಾಂಡಿನವರೆಗೆ ಗುಮಾಸ್ತರು ಬಂದರು, ಮರ್ಯಾದೆಗೆ. ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ನಿಂತು, "ನೀವು ನಮ್ಮ ಮನೆಗೆ ಒಳ್ಳೇದು ಮಾಡಕ್ಕೆ ಬಂದ್ರೋ, ನಿಮ್ಮ ಮನಸ್ಸಿನ ಭಾರ ಇಳಿಸ್ಕೊಳ್ಳಕ್ಕೆ ಬಂದ್ರೋ?" ಎಂದರು. ಬಸ್ಸು ಹೊರಟಿತು. ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡೆ. ಮನೆಯಲ್ಲಿ ಅತ್ತೆಗೆ ಹೇಳಿದಾಗ ಅವರು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಅಂದಿನಿಂದ ದಿನಾ ಅಂಚೆಯವನು ಬರುವ ಹೊತ್ತಿಗೆ ಇಬ್ಬರೂ ಏನಾದರೊಂದು ನೆಪ ಹೂಡಿ ಬಾಗಿಲ ಬಳಿ ಇರುತ್ತಿದ್ದೆವು.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಕಾರ್ಡು ಬಂತು. ಹೆಂಗಸಿನ ಕೈಬರಹ, ಸಾಲುಗಳು ಸ್ವಲ್ಪ ಅಲುಗಿದ್ದವು. ಅತ್ತೆಗೆ ಓದಿ ಹೇಳಿದೆ.

"ನಾಲ್ಕು ಸೂಜಿ ಆಯಿತು. ನಾಲಿಗೆಯ ಉರಿ ಇಳಿದಿದೆ. ನಿಮ್ಮ ಮೇಲೆ ನನಗೆ ಇನ್ನೂ ಕೋಪವಿದೆ. ಆದರೂ ಒಮ್ಮೆ ಬನ್ನಿ. ರುಕ್ಮಿಣಿ."